ಗುಟ್ಟಾಗಿ ಹಾಕಿದ ಸೇನೆಯ ಅರ್ಜಿ

ನಮ್ಮ ಮನೆಗೆ ಲಿಖಿತ ಸಂವಿಧಾನವಿಲ್ಲ. ಇರುವ ಒಂದೇ ಕಾನೂನು ನನ್ನ ಅಜ್ಜಿಯ ಕಾಲದಿಂದ ಬಾಯಿಂದ ಬಾಯಿಗೆ ಬಂದದ್ದು: ಕೆಲಸ ಆಗುವ ತನಕ ಯಾರಿಗೂ ಹೇಳಬಾರದು. ಹೇಳಿದರೆ ದೃಷ್ಟಿ ತಾಗುತ್ತದೆ. ಆಗಬೇಕಾದದ್ದು ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಮೈಸೂರು ಬಿಡುವಾಗ ಎರಡು ಸೂಟ್‌ಕೇಸುಗಳ ಜೊತೆಗೆ ಈ ಕಾನೂನನ್ನೂ ತಂದೆ. ಕಸ್ಟಮ್ಸ್‌ನವರು ಉಪ್ಪಿನಕಾಯಿಯನ್ನು ಹಿಡಿದರು, ಇದನ್ನು ಬಿಟ್ಟರು. ಸಿಯಾಟಲ್ ಪಕ್ಕದ ಎಜುಕೇಶನ್ ಹಿಲ್‌ನಲ್ಲಿ ನಾವು ಮನೆ ಕೊಂಡ ಸುದ್ದಿ ಸ್ನೇಹಿತರಿಗೆ ತಿಳಿದದ್ದು ಗೃಹಪ್ರವೇಶದ ಕರೆಯೋಲೆಯಿಂದ. ಹೆಂಡತಿ ಬಸುರಿಯಾದದ್ದನ್ನು ಐದು ತಿಂಗಳು ಮುಚ್ಚಿಟ್ಟೆವು. ಆರನೆಯ ತಿಂಗಳಲ್ಲಿ ಅದು ನಮ್ಮ ಅಪ್ಪಣೆಗೆ ಕಾಯದೆ ತಾನೇ ಪ್ರಕಟವಾಯಿತು.

ಹಾಗೆ ಪ್ರಕಟವಾದ ಮಗಳು ಹನ್ನೆರಡನೆಯ ತರಗತಿಗೆ ಹೋಗುವ ಮುಂಚಿನ ಬೇಸಿಗೆಯಲ್ಲಿ, ಒಂದು ಭಾನುವಾರ, ಎರಡನೆಯ ದೋಸೆಗೂ ಮೂರನೆಯ ದೋಸೆಗೂ ನಡುವೆ, ತಾನು ಅಮೆರಿಕದ ಸೇನೆಯ ಅಧಿಕಾರಿ ತರಬೇತಿಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಾಗಿ ಹೇಳಿದಳು. ಕಾಲೇಜಿನ ಶುಲ್ಕ ಸೇನೆಯದು. ಓದುವಷ್ಟು ಕಾಲ ತರಗತಿಗಳ ಜೊತೆಗೆ ಕವಾಯತು. ಪದವಿ ಕೈಗೆ ಬಂದ ಮೇಲೆ ಕೆಲವು ವರ್ಷ ಅಧಿಕಾರಿಯಾಗಿ ಸೇವೆ. ಇಷ್ಟನ್ನು ಅವಳು ನಾಲ್ಕು ವಾಕ್ಯಗಳಲ್ಲಿ ಹೇಳಿ ಚಟ್ನಿ ಕೇಳಿದಳು. ಅವಳ ಮಾತಿನಲ್ಲಿ ಮುಕ್ಕಾಲು ಪಾಲು ಇಂಗ್ಲಿಷು. ಇಲ್ಲಿ ಹೆಚ್ಚಿನದನ್ನು ಕನ್ನಡಕ್ಕೆ ತಿರುಗಿಸಿಕೊಂಡಿದ್ದೇನೆ. ತಿರುಗಿಸುವಾಗ ಸ್ವಲ್ಪ ವಿನಯ ಬೆರೆತಿದ್ದರೆ ಅದರ ಹೊಣೆ ನನ್ನದು.

ನಮ್ಮ ವಂಶದ ಯುದ್ಧಪರಂಪರೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಆಯುಧವೆಂದರೆ ಆಯುಧಪೂಜೆಯ ದಿನ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದ ಈಳಿಗೆಮಣೆ ಮತ್ತು ಅಪ್ಪನ ಸ್ಕೂಟರು. ನಾನು ಮಾತ್ರ ಕಾಲೇಜಿನಲ್ಲಿ ಎರಡು ವರ್ಷ ಎನ್‌ಸಿಸಿಯಲ್ಲಿದ್ದೆ. ಪರೇಡ್ ಮುಗಿದ ಮೇಲೆ ಕೊಡುತ್ತಿದ್ದ ಇಡ್ಲಿ ವಡೆಯ ಸಂಬಂಧವಾಗಿ ನನ್ನ ದೇಶಪ್ರೇಮ ಆಗ ಉತ್ತುಂಗದಲ್ಲಿತ್ತು. ಈ ಅನುಭವದ ಬಲದ ಮೇಲೆ ನಾನು ತಟ್ಟೆ ಸರಿಸಿ ವಿಚಾರಣೆಗೆ ಕುಳಿತೆ.

"ಯಾಕೆ?" ಎಂದು ಕೇಳಿದೆ.

"ನಂಗೆ ಕೆಲಸ ಹಂಚೋದು ಇಷ್ಟ ಅಪ್ಪ. ಯಾರೂ ಸುಮ್ನೆ ನಿಂತಿರಬಾರದು, ಯಾರ ಮೇಲೂ ಎಲ್ಲಾ ಬೀಳಬಾರದು. ಅದನ್ನ ಸರಿಯಾಗಿ ಹೇಳಿಕೊಡೋ ಜಾಗ ಇದು."

ನನ್ನ ಹತ್ತಿರ ಇನ್ನೂ ಮೂರು ಪ್ರಶ್ನೆಗಳಿದ್ದವು. ಅಷ್ಟರಲ್ಲಿ ಹೆಂಡತಿ ಒಲೆಯ ಕಡೆಯಿಂದ ತಿರುಗದೆ, "ಬೆಳಿಗ್ಗೆ ಎಷ್ಟು ಗಂಟೆಗೆ ಏಳಿಸ್ತಾರೆ?" ಎಂದಳು.

"ಐದಕ್ಕೆ."

"ಹಾಕ್ಲಿ ಬಿಡ್ರೀ. ಹದಿನೇಳು ವರ್ಷ ನನ್ನ ಕೈಲಿ ಆಗದೇ ಇದ್ದಿದ್ದು ಒಂದು ದೇಶದ ಸೈನ್ಯದ ಕೈಲಾದ್ರೂ ಆಗ್ಲಿ."

ವಿಚಾರಣೆ ಅಲ್ಲಿಗೆ ಮುಗಿಯಿತು. ಅವಳಿಗೆ ಸಿಕ್ಕೇ ಸಿಗುತ್ತದೆ ಎಂಬುದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ. ಈ ಹುಡುಗಿ ಎಂಟನೆಯ ವಯಸ್ಸಿನಲ್ಲಿ ತನ್ನ ಹುಟ್ಟುಹಬ್ಬಕ್ಕೆ ಬಂದ ಹದಿನೈದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈ ತೊಳೆಸಿದವಳು. ನನಗಿದ್ದ ಭಯ ಜನರ ಕಣ್ಣಿನದು. ಆದ್ದರಿಂದ ತೀರ್ಪಿನ ಕೊನೆಗೆ ಒಂದು ಷರತ್ತು ಸೇರಿಸಿದೆ: ಫಲಿತಾಂಶ ಬರುವವರೆಗೆ ಈ ವಿಷಯ ಈ ಅಡುಗೆಮನೆಯಿಂದ ಆಚೆ ಹೋಗಕೂಡದು. ಮಗಳು ಹುಬ್ಬೇರಿಸಿದಳು. ಒಪ್ಪಿದಳೋ ಇಲ್ಲವೋ, ಮೂರನೆಯ ದೋಸೆ ಬಂದದ್ದರಿಂದ ವಿಷಯ ಮುಂದುವರಿಯಲಿಲ್ಲ.

ಗುಟ್ಟು ಸಾಕುವುದು ನಾಯಿ ಸಾಕಿದಂತೆ. ದಿನಾ ಹೊರಗೆ ಸುತ್ತಾಡಿಸಬೇಕು, ಆದರೆ ಯಾರನ್ನೂ ಕಚ್ಚದಂತೆ ನೋಡಿಕೊಳ್ಳಬೇಕು. ಅರ್ಜಿಗೆ ದೇಹದಾರ್ಢ್ಯದ ಪರೀಕ್ಷೆಯೊಂದಿತ್ತು: ಪುಷ್‌ಅಪ್ ಇಷ್ಟು, ಹೊಟ್ಟೆಯ ವ್ಯಾಯಾಮ ಇಷ್ಟು, ಒಂದು ಮೈಲಿ ಓಟ. ಶಾಲೆಯ ವ್ಯಾಯಾಮ ಶಿಕ್ಷಕರು ಎಣಿಸಿ ಸಹಿ ಹಾಕಬೇಕು. ಮಗಳು ದಿನಾ ಬೆಳಿಗ್ಗೆ ಗುಡ್ಡದ ಏರಿನಲ್ಲಿ ಓಡತೊಡಗಿದಳು. ಎದುರು ಮನೆಯ ತೆಲುಗಿನವರು "ಮ್ಯಾರಥಾನಾ?" ಎಂದು ಕೇಳಿದಾಗ ನಾನು "ತೂಕ ಇಳಿಸೋಕೆ" ಎಂದುಬಿಟ್ಟೆ. ಇಳಿಸಲು ಅವಳ ಮೈಮೇಲೆ ಏನೂ ಇರಲಿಲ್ಲ. ಮರುದಿನದಿಂದ ಆ ಮನೆಯಾಕೆ ನನ್ನ ಹೆಂಡತಿಗೆ ರಾಗಿ ಅಂಬಲಿಯ ಮಹಿಮೆಯನ್ನು ಫೋನಿನಲ್ಲಿ ಕಳಿಸತೊಡಗಿದರು.

ಪುಷ್‌ಅಪ್ ಅಭ್ಯಾಸ ಹಜಾರದಲ್ಲಿ. ಎಣಿಸುವ ಅಧಿಕಾರ ನನ್ನದು. "ಮೊಣಕೈ ಪೂರ್ತಿ ಮಡಚಿಲ್ಲ, ಇದು ಲೆಕ್ಕಕ್ಕಿಲ್ಲ" ಎಂದು ನಾನು ಸೋಫಾದಿಂದ ಘೋಷಿಸಿದಾಗ ಹೆಂಡತಿ, "ನೀವೊಂದು ಮಾಡಿ ತೋರಿಸಿ ನೋಡೋಣ" ಎಂದಳು. ಮಾಡಿದೆ. ಅದರ ವಿವರಗಳು ಸಾರ್ವಜನಿಕ ಹಿತಕ್ಕೆ ಸಂಬಂಧಪಟ್ಟವಲ್ಲ.

ಗಣೇಶನ ಹಬ್ಬದ ಊಟದಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನು ಎಲ್ಲರೂ ಕೇಳಿದರು: ಮಗಳು ಮುಂದೆ ಏನು ಓದುತ್ತಾಳೆ? "ಕಂಪ್ಯೂಟರ್ ಸೈನ್ಸ್" ಎಂದೆ. ಒಬ್ಬರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ನಮ್ಮ ಜನರ ನಡುವೆ ಪುರಾವೆ ಕೇಳದೆ ನಂಬುವ ಸುಳ್ಳು ಅದೊಂದೇ. ಪಕ್ಕದಲ್ಲೇ ಪಾಯಸ ಬಡಿಸುತ್ತಿದ್ದ ಮಗಳು ನನ್ನ ಲೋಟ ತುಂಬಿಸದೆ ಮುಂದೆ ಹೋದಳು.

ಅರ್ಜಿಯಲ್ಲಿ ನಾಯಕತ್ವದ ಬಗ್ಗೆ ಒಂದು ಭಾಗವಿತ್ತು. ಎಲ್ಲಿ, ಯಾರನ್ನು, ಹೇಗೆ ಮುನ್ನಡೆಸಿದ್ದೀರಿ. ಅದನ್ನು ಕಂಡವರು ಯಾರು, ಅವರನ್ನು ಸಂಪರ್ಕಿಸುವುದು ಹೇಗೆ. ಮಗಳು ಬರೆದದ್ದು ಕನ್ನಡ ಕೂಟದ ಪಾರ್ಕಿಂಗ್ ಬಗ್ಗೆ. ಒಂಬತ್ತನೆಯ ತರಗತಿಯಿಂದಲೂ ಕೂಟದ ಪ್ರತಿ ಸಮಾರಂಭದ ದಿನ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಬಾಡಿಗೆಗೆ ಪಡೆದ ಶಾಲೆಯ ಅಂಗಳದಲ್ಲಿ ಕಾರುಗಳನ್ನು ನಿಲ್ಲಿಸುವ ಉಸ್ತುವಾರಿ ಅವಳದು. ಐವರು ಮಕ್ಕಳ ಪಡೆ ಅವಳ ಕೈಕೆಳಗೆ. ತಡವಾಗಿ ಬಂದು ಬಾಗಿಲ ಹತ್ತಿರವೇ ಜಾಗ ಬೇಕೆನ್ನುವ ಪ್ರಜೆಗಳನ್ನು ಆಳುವುದು ಸಾಮಾನ್ಯ ಕೆಲಸವಲ್ಲ.

ಬರಹ ಚೆನ್ನಾಗಿತ್ತು. ಆದರೆ "ಅದನ್ನು ಕಂಡವರು ಯಾರು" ಎಂಬ ಚೌಕದ ಮುಂದೆ ನಾನು ಕೈ ಅಡ್ಡ ಹಿಡಿದೆ. ಕೂಟದ ಅಧ್ಯಕ್ಷರ ಹೆಸರು ಬರೆದರೆ ಅವರಿಗೆ ಫೋನ್ ಹೋಗುತ್ತದೆ. ಅಧ್ಯಕ್ಷರು ಮಂಗಳೂರಿನ ಕಡೆಯವರು, ಬೆಲ್ವ್ಯೂದಲ್ಲಿ ದೊಡ್ಡ ಹುದ್ದೆ, ಹೃದಯ ಚಿನ್ನದ್ದು, ಬಾಯಿ ಧ್ವನಿವರ್ಧಕದ್ದು. ಅವರಿಗೆ ತಿಳಿದರೆ ಟಕೋಮಾದಿಂದ ಎವೆರೆಟ್‌ವರೆಗೆ ಎಲ್ಲರಿಗೂ ತಿಳಿದಂತೆ.

"ಖಾಲಿ ಬಿಡು. ಕಡ್ಡಾಯ ಅಂತ ಎಲ್ಲೂ ಹೇಳಿಲ್ಲ," ಎಂದೆ.

"ಅಪ್ಪ, ಖಾಲಿ ಚೌಕ ನೋಡಿದ್ರೆ ಏನು ಅಂದ್ಕೋತಾರೆ?"

"ವಿನಯ ಅಂದ್ಕೋತಾರೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಖಾಲಿ ಬಿಟ್ಟಳು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪರೀಕ್ಷಿಸಿ ಅನ್ನ ತಿಂದವನು ನಾನು. ಖಾಲಿ ಬಿಟ್ಟ ಚೌಕದಿಂದಲೇ ಎಲ್ಲ ಕೆಡುವುದೆಂದು ಬೇರೆಯವರಿಗೆ ಪಾಠ ಹೇಳಿದವನು.

ಅಕ್ಟೋಬರ್ ಕೊನೆಯಲ್ಲಿ ಸಂದರ್ಶನ. ಸರೋವರದ ಸೇತುವೆ ದಾಟಿ ಸಿಯಾಟಲ್‌ನ ವಿಶ್ವವಿದ್ಯಾಲಯಕ್ಕೆ ಹೋದೆವು. ನಾನು ಕೋಟು ಹಾಕಿಕೊಂಡಿದ್ದೆ. ಸಂದರ್ಶನ ನನ್ನದಲ್ಲವೆಂದು ಮಗಳು ಎರಡು ಸಲ ನೆನಪಿಸಿದಳು. ಬಾಗಿಲಿಗೆ ಬಂದು ಅವಳನ್ನು ಒಳಗೆ ಕರೆದ ಅಧಿಕಾರಿಗೆ ನರೆತ ಗಿಡ್ಡ ಕೂದಲು, ಮೆಲುದನಿ. ಬಾಗಿಲು ಮುಚ್ಚಿತು. ನಾನು ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಆ ಕಾರಿಡಾರಿನಲ್ಲಿ ಬಗ್ಗಿ ಕೂರಲು ಧೈರ್ಯ ಬರುತ್ತಿರಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಮಗಳು ಹೊರಗೆ ಬಂದಳು. ಸೇತುವೆಯ ಮೇಲೆ ಬಂದಾಗ ಬಾಯಿ ಬಿಟ್ಟಳು.

"ಪಾರ್ಕಿಂಗ್ ವಿಷಯ ಅವರಿಗೆ ತುಂಬಾ ಹಿಡಿಸ್ತು. ಇದನ್ನ ನೋಡಿದವರು ಯಾರು, ಯಾರಿಗೆ ಫೋನ್ ಮಾಡ್ಲಿ ಅಂದ್ರು. ಯಾರಿಗೂ ಬೇಡ ಸರ್ ಅಂದೆ."

"ಆಮೇಲೆ?"

"ಯಾಕೆ ಅಂದ್ರು. ನಾನು ಅಪ್ಲೈ ಮಾಡಿರೋದು ಅವರಿಗೆ ಗೊತ್ತಿಲ್ಲ ಅಂದೆ. ಹಾಗಾದ್ರೆ ಯಾರಿಗೆ ಗೊತ್ತು ಅಂದ್ರು. ಅಮ್ಮ, ಅಪ್ಪ. ಆಮೇಲೆ ಶಾಲೆಯಲ್ಲಿ ಸಹಿ ಹಾಕಲೇಬೇಕಾಗಿದ್ದವರು. ಅವರು ಪೆನ್ ಕೆಳಗಿಟ್ರು."

ನಾನು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದೆ.

"ನಾಚಿಕೆ ಆಗೋದನ್ನ ಜನ ಮುಚ್ಚಿಡ್ತಾರೆ, ಇಲ್ಲಾ ಬಿಟ್ಟುಹೋಗೋ ಯೋಚನೆ ಇರೋದನ್ನ ಮುಚ್ಚಿಡ್ತಾರೆ. ನಿನ್ನದು ಯಾವುದು ಅಂತ ಕೇಳಿದ್ರು. ಎರಡೂ ಅಲ್ಲ, ನಮ್ಮ ಮನೆಯಲ್ಲಿ ದೃಷ್ಟಿ ಆಗುತ್ತೆ ಅಂತ ಹೇಳಲ್ಲ ಅಂದೆ."

"ದೃಷ್ಟಿಗೆ ಏನಂದೆ?"

"ಈವಿಲ್ ಐ."

"ಅಯ್ಯೋ. ಅವರೇನಂದ್ರು?"

"ಏನೂ ಅನ್ಲಿಲ್ಲ. ಬರ್ಕೊಂಡ್ರು."

ಅಮೆರಿಕದ ಸೇನೆಯ ಕಡತವೊಂದರಲ್ಲಿ ನನ್ನ ಅಜ್ಜಿಯ ಕಾನೂನು ಹೀಗೆ ಅಧಿಕೃತವಾಗಿ ದಾಖಲಾಯಿತು. ಬೇರೆ ಸಂದರ್ಭವಾಗಿದ್ದರೆ ಹೆಮ್ಮೆಪಡಬಹುದಿತ್ತು.

ಅಧಿಕಾರಿ ಕಟುವಾಗಿ ಮಾತಾಡಿರಲಿಲ್ಲ. ತನ್ನವರ ಮುಂದೆಯೇ ಹೇಳಿಕೊಳ್ಳಲಾಗದವರು ಮೊದಲ ಚಳಿಗಾಲದಲ್ಲೇ ಬಿಟ್ಟುಹೋಗುವುದನ್ನು ತಾನು ಕಂಡಿರುವುದಾಗಿ ಹೇಳಿದ್ದರು. ಆಯ್ಕೆ ಸಮಿತಿಗೆ ತನ್ನ ಅಭಿಪ್ರಾಯ ಕಳಿಸಲು ಇನ್ನೂ ಎರಡು ವಾರವಿದೆ; ಅಷ್ಟರಲ್ಲಿ ಅವಳ ಕೆಲಸ ಕಂಡವರೊಬ್ಬರ ಪತ್ರ ಬರಲಿ; ಪತ್ರ ಬರೆಯುವವರಿಗೆ ಅದು ಯಾತಕ್ಕೆಂದು ತಿಳಿದಿರಲಿ. ಬಾರದಿದ್ದರೆ ಖಾಲಿ ಚೌಕ ಸಮಿತಿಗೆ ಖಾಲಿಯಾಗಿಯೇ ಹೋಗುತ್ತದೆ, ಜೊತೆಗೆ ತನ್ನ ಅನುಮಾನದ ಟಿಪ್ಪಣಿಯೂ ಹೋಗುತ್ತದೆ. ಅಂದರೆ ಮಗಳು ಬೇಸಿಗೆಯಿಡೀ ಗುಡ್ಡ ಹತ್ತಿ ಇಳಿದು ಗಳಿಸಿದ್ದನ್ನು ನಾನು ಒಂದು ಚೌಕದಲ್ಲಿ ಕಳೆಯುವವನಿದ್ದೆ.

"ಇವತ್ತೇ ಅಧ್ಯಕ್ಷರ ಮನೆಗೆ ಹೋಗ್ತೀನಿ. ಯಾರಿಗೂ ಹೇಳ್ಬೇಡಿ ಸಾರ್ ಅಂತ ಕೈ ಮುಗಿದು ಕೇಳ್ಕೊಂಡು ಪತ್ರ ತರ್ತೀನಿ," ಎಂದೆ.

"ಬೇಡ."

"ಯಾಕೆ?"

"ಅದೂ ಗುಟ್ಟೇ ಅಲ್ವಾ ಅಪ್ಪ? ಮುಂದಿನ ಶನಿವಾರ ರಾಜ್ಯೋತ್ಸವ ಇದೆ. ನಾನೇ ಕೇಳ್ತೀನಿ. ಎಲ್ಲರ ಮುಂದೆ."

"ಅವರು ನಕ್ರೆ?"

"ನಗ್ಲಿ. ಅವರ ಕಾರು ಎಲ್ಲಿ ನಿಲ್ಬೇಕು ಅನ್ನೋದು ಆಮೇಲೂ ನನ್ನ ಕೈಯಲ್ಲೇ ಇರುತ್ತೆ."

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಜ್ಜಿಯ ಕಾನೂನಿನ ಪರವಾಗಿ ಏನಾದರೂ ಹೇಳಬಹುದೆಂದು ಕಾದೆ. ಅವಳು, "ನೀವು ಆ ದಿನ ಕೋಟು ಹಾಕ್ಕೋಬೇಡಿ, ಸಾಕು," ಎಂದಳು.

ರಾಜ್ಯೋತ್ಸವದ ದಿನ ಎಂದಿನಂತೆ ಜಿನುಗುತ್ತಿತ್ತು. ಮಗಳು ಕಿತ್ತಳೆ ಜಾಕೆಟ್ಟಿನಲ್ಲಿ ಅಂಗಳದ ನಡುವೆ ನಿಂತು ಕೈಬೀಸುತ್ತಿದ್ದಳು. ನಾನೂ ಹೆಂಡತಿಯೂ ಕೋಸಂಬರಿಯ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದೆವು, ಒಳಗೆ ಹೋಗಲಾರದೆ. ಅಧ್ಯಕ್ಷರ ಕಾರು ಬಂತು. ಅದು ನೇರವಾಗಿ ಬಾಗಿಲ ಮುಂದಿನ ಕೆಂಪು ಗೆರೆಯ ಜಾಗಕ್ಕೆ, ಅಗ್ನಿಶಾಮಕದವರಿಗೆಂದು ಬಿಟ್ಟ ಫೈರ್ ಲೇನ್‌ಗೆ, ಬಂದು ನಿಂತಿತು. ಅಧ್ಯಕ್ಷರು ಮೈಸೂರು ಪೇಟ, ಜರಿ ಶಲ್ಯಗಳೊಂದಿಗೆ ಇಳಿದರು, ಕೈಯಲ್ಲಿ ಬಾವುಟ. ಸುತ್ತ ಏಳೆಂಟು ಜನ ನೆರೆದರು. ಮಗಳು ಹತ್ತಿರ ಬಂದಳು. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲಿ ಶುರುಮಾಡಿದಳು.

"ನಮಸ್ಕಾರ ಅಂಕಲ್. ನಾನು ಆರ್ಮಿ ಆಫೀಸರ್ ಟ್ರೈನಿಂಗ್ ಸ್ಕಾಲರ್‌ಶಿಪ್‌ಗೆ ಅಪ್ಲೈ ಮಾಡಿದೀನಿ. ನಿಮ್ಮಿಂದ ಒಂದು ಲೆಟರ್ ಬೇಕು. ನಾನಿಲ್ಲಿ ಪಾರ್ಕಿಂಗ್ ಹೇಗೆ ನೋಡ್ಕೋತೀನಿ ಅಂತ. ಚೆನ್ನಾಗಿಲ್ಲ ಅಂದ್ರೆ ಚೆನ್ನಾಗಿಲ್ಲ ಅಂತಾನೇ ಬರೀರಿ."

ಬಾವುಟ ಮೆಲ್ಲಗೆ ವಾಲಿತು. ಮೊದಲು ಮಾತಾಡಿದವರು ಅಧ್ಯಕ್ಷರಲ್ಲ, ಗಣೇಶನ ಹಬ್ಬದಲ್ಲಿ ನನ್ನ ಪಕ್ಕ ಕೂತು ಉಂಡಿದ್ದ ಮಿತ್ರರು.

"ಆರ್ಮಿನಾ? ಕಂಪ್ಯೂಟರ್ ಸೈನ್ಸ್ ಅಂದಿದ್ರಲ್ಲ ಇವ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೋಸಂಬರಿಯ ಕಡೆ ನೋಡಿದೆ.

ಮಿತ್ರರ ಪತ್ನಿ ಮುಂದೆ ಬಂದರು. "ಏನಮ್ಮ, ನಿಮ್ಮಪ್ಪ ಸ್ಮೋಕ್ ಅಲಾರ್ಮ್ ಬ್ಯಾಟರಿ ಹಾಕೋಕೂ ನಮ್ಮನೆಯವರನ್ನ ಕರೀತಾರೆ. ಏಣಿ ಹತ್ತೋಕೆ ಭಯ ಅಂತ. ನೀನು ಸೈನ್ಯಕ್ಕಾ?"

"ಅದಕ್ಕೇ ಆಂಟಿ. ಮನೇಲಿ ಒಬ್ಬರಾದ್ರೂ ಏಣಿ ಹತ್ಬೇಕಲ್ಲ."

ನಗು ಎದ್ದಿತು. ಅಧ್ಯಕ್ಷರು ನಗಲಿಲ್ಲ. "ಒಂದು ವೇಳೆ ಯುದ್ಧಕ್ಕೇ ಕಳಿಸಿದ್ರೆ ಎಂತ ಮಾಡ್ತಿ ಮಾರಾಯ್ತಿ?" ಎಂದು ಕೇಳಿದರು. ಆ ಧ್ವನಿಯಲ್ಲಿ ಧ್ವನಿವರ್ಧಕವಿರಲಿಲ್ಲ.

"ಹೋಗ್ತೀನಿ ಅಂಕಲ್. ಅದೂ ಕೆಲಸದಲ್ಲಿ ಸೇರಿದೆ."

ಈ ಪ್ರಶ್ನೆಯನ್ನು ದೋಸೆಯ ದಿನ ನಾನು ಕೇಳಬೇಕೆಂದಿದ್ದೆ. ಕೇಳಿರಲಿಲ್ಲ. ಹೆಂಡತಿ ನನ್ನ ಕೈಯಿಂದ ಟ್ರೇಯನ್ನು ತಾನು ತೆಗೆದುಕೊಂಡಳು. ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು, "ಇನ್ನೊಂದು ವಿಷಯ ಅಂಕಲ್. ಕಾರು ತೆಗೀಬೇಕು. ಇದು ಫೈರ್ ಲೇನ್," ಎಂದಳು.

"ನಾನು ಅಧ್ಯಕ್ಷ ಮಾರಾಯ್ತಿ."

"ನನಗೆ ಗೊತ್ತು ಅಂಕಲ್. ಫೈರ್ ಲೇನ್‌ಗೆ ಗೊತ್ತಿಲ್ಲ. ಅಲ್ಲಿ ಮೂರನೇ ಸಾಲಿನ ಕೊನೆಯಲ್ಲಿ ಒಂದು ಜಾಗ ಇದೆ."

ಪತ್ರ ಬೇಕಾದವರು ಪತ್ರ ಕೊಡುವವರೊಂದಿಗೆ ಹೀಗೆ ಮಾತಾಡುವುದಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಧ್ಯಕ್ಷರು ಬಾವುಟವನ್ನು ಮಿತ್ರರ ಕೈಗೆ ಕೊಟ್ಟು, ಪೇಟ ತೆಗೆದು ಪಕ್ಕದ ಸೀಟಿನ ಮೇಲಿಟ್ಟು, ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಮೂರನೆಯ ಸಾಲಿನ ಕೊನೆಯಿಂದ ಅವರು ಜರಿ ಪಂಚೆ ಎತ್ತಿ ಹಿಡಿದು, ನೀರು ನಿಂತ ಜಾಗ ದಾಟುತ್ತಾ ನಡೆದು ಬಂದರು. ರಾಜ್ಯೋತ್ಸವದ ಮೆರವಣಿಗೆ ಆ ವರ್ಷ ಅಷ್ಟೇ.

ನಾಡಗೀತೆಯಾದ ಮೇಲೆ ಅವರು ವೇದಿಕೆಯಿಂದ ಸಂಗತಿಯನ್ನು ಇಡೀ ಸಭಾಂಗಣಕ್ಕೆ ಬಿತ್ತರಿಸಿದರು. ಚಪ್ಪಾಳೆ ಬಿತ್ತು. ಮಗಳು ಆಗ ಒಳಗಿರಲಿಲ್ಲ. ತಡವಾಗಿ ಬರುವವರು ಇನ್ನೂ ಬರುತ್ತಿದ್ದರು. ಮೂರು ಜನ ನನ್ನ ಬಳಿ ಬಂದು ಮದುವೆಯ ವಿಷಯ ಕೇಳಿದರು, ಇಬ್ಬರು ತಮ್ಮ ಮಕ್ಕಳಿಗೂ ಅರ್ಜಿಯ ವಿವರ ಕೇಳಿದರು. ಒಬ್ಬರು ಏನೂ ಕೇಳದೆ ನನ್ನ ಭುಜ ತಟ್ಟಿ ಹೋಳಿಗೆಯ ಕಡೆ ಹೋದರು. ಅಷ್ಟು ಕಣ್ಣುಗಳು ನಮ್ಮ ಮೇಲೆ ಬಿದ್ದರೂ ಛಾವಣಿ ಕುಸಿಯಲಿಲ್ಲ.

ಪತ್ರ ಸೋಮವಾರ ಬಂತು. ನಾಲ್ಕು ಸಾಲು. ಕನ್ನಡದಲ್ಲಿ ಅದರ ಸಾರ ಇಷ್ಟು: ಈ ಹುಡುಗಿ ಮೂರು ವರ್ಷದಿಂದ ನಮ್ಮ ಪಾರ್ಕಿಂಗ್ ನಡೆಸುತ್ತಿದ್ದಾಳೆ. ಶನಿವಾರ ಈ ಪತ್ರವನ್ನು ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ನನ್ನ ಕಾರನ್ನು ತೆಗೆಯಲು ಹೇಳಿದಳು. ತೆಗೆದೆ.

"ಇನ್ನೂ ಸ್ವಲ್ಪ ಹೊಗಳಬಹುದಿತ್ತು," ಎಂದೆ.

"ನೀವು ಸುಮ್ನಿರಿ," ಎಂದಳು ಹೆಂಡತಿ.

ಪತ್ರವನ್ನು ಮಗಳೇ ಒಯ್ದು ಕೊಟ್ಟಳು. ಅಧಿಕಾರಿ ಎರಡು ಸಲ ಓದಿ, ಮಡಿಸದೆ ಕಡತದ ಮೇಲ್ಭಾಗಕ್ಕೆ ಕ್ಲಿಪ್ ಹಾಕಿದರಂತೆ. ಈಗ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದರಂತೆ. ಲೆಕ್ಕ ತಪ್ಪಿದೆ ಸರ್ ಎಂದಳಂತೆ.

ಚಳಿಗಾಲವಿಡೀ ಆ ಲೆಕ್ಕ ಬೆಳೆಯಿತು. ಸಿಯಾಟಲ್‌ನ ಸೌತ್ ಲೇಕ್ ಯೂನಿಯನ್ ಬಡಾವಣೆಯ ನಮ್ಮ ಆಫೀಸಿನ ಲಿಫ್ಟಿನಲ್ಲಿ, ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ, ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆದು ಮಲಗಿರುವಾಗ, ಒಂದೇ ಪ್ರಶ್ನೆ: "ಬಂತಾ?" ಎದುರು ಮನೆಯಾಕೆ ಅಂಬಲಿಯನ್ನು ಹಿಂತೆಗೆದುಕೊಂಡು ಶಕ್ತಿ ಬರಲೆಂದು ಪೆಸರಟ್ಟು ಕಳಿಸತೊಡಗಿದರು. ಮಗಳು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು: "ಇನ್ನೂ ಇಲ್ಲ. ಬಂದ ತಕ್ಷಣ ಹೇಳ್ತೀನಿ."

ಹೇಳಿದಳು ಕೂಡ. ಮಾರ್ಚ್‌ನ ಒಂದು ಸಂಜೆ ನಾನು ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದೆ. ಮಧ್ಯಾಹ್ನದ ಮೀಟಿಂಗಿಗೆಂದು ಫೋನಿನ ಬಾಯಿ ಕಟ್ಟಿದವನು ಬಿಚ್ಚಲು ಮರೆತಿದ್ದೆ. ಮಿತ್ರರ ಪತ್ನಿ ತಳ್ಳುಗಾಡಿಯೊಂದಿಗೆ ಎದುರಾದರು.

"ಕಂಗ್ರಾಜುಲೇಶನ್ಸ್ ಸಾರ್. ನಾಲ್ಕು ವರ್ಷಕ್ಕೂ ಸ್ಕಾಲರ್‌ಶಿಪ್ ಕೊಟ್ಟಿದಾರಂತಲ್ಲ. ಮಗಳು ಈಗ ಮೆಸೇಜ್ ಮಾಡಿದ್ಲು."

"ಹೌದು, ಹೌದು," ಎಂದೆ. "ನಮಗೆ ಮಧ್ಯಾಹ್ನಾನೇ ಗೊತ್ತಾಯ್ತು."

ಅವರು ನನ್ನ ಮುಖ ನೋಡಿ, ನನ್ನ ಕೈಯಲ್ಲಿದ್ದ ಬಾಡಿದ ಕರಿಬೇವನ್ನು ತೆಗೆದಿಟ್ಟು ಹಸಿರಾದ ಕಟ್ಟೊಂದನ್ನು ಕೊಟ್ಟರು.

ಮನೆಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ಪುಟಗಳ ಕಾಗದವಿತ್ತು. ಮಗಳಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಅವಳ ಹೆಸರಿನ ಕೆಳಗೆ ತಂದೆ ಅಥವಾ ತಾಯಿ ಸಹಿ ಹಾಕಬೇಕಿತ್ತು. ಹೆಂಡತಿ ನನಗೆಂದು ಬಿಟ್ಟಿದ್ದಳು.

"ಎಷ್ಟು ಸಲ ಫೋನ್ ಮಾಡ್ದೆ ಗೊತ್ತಾ?" ಎಂದಳು ಮಗಳು.

"ಎಲ್ಲಾ ಓದ್ತೀನಿ," ಎಂದೆ.

"ಹನ್ನೊಂದು ಪುಟ ಇದೆ ಅಪ್ಪ."

"ನಾನು ಟೆಸ್ಟರ್."

ಓದಿದೆ. ಏಳನೆಯ ಪುಟದಲ್ಲಿ ಪದವಿಯ ನಂತರ ಅವಳು ಎಷ್ಟು ವರ್ಷ ಸೇವೆ ಸಲ್ಲಿಸಬೇಕು, ಎಲ್ಲಿಗೆ ಕಳಿಸಿದರೂ ಹೋಗಬೇಕು ಎಂದಿತ್ತು. ಆ ಪುಟವನ್ನು ಎರಡು ಸಲ ಓದಿದೆ. ಅವಳು ಅವಸರ ಮಾಡಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಕರಿಬೇವಿನ ಎಲೆ ಬಿಡಿಸುತ್ತಿದ್ದಳು. ಒಂದೂ ಚೌಕ ಖಾಲಿ ಉಳಿದಿಲ್ಲವೆಂದು ಕೊನೆಯಿಂದ ಮೊದಲಿಗೆ ಇನ್ನೊಮ್ಮೆ ನೋಡಿಕೊಂಡು, ಪೂರ್ತಿ ಹೆಸರಿನಲ್ಲಿ, ಓದಲು ಬರುವಂತೆ, ಸಹಿ ಹಾಕಿದೆ.